ಬಸ್ ಶೆಡ್ಡಿನ ಕುರ್ಚಿ ವಿಮಾನ

ತೂಕದಕ್ಕನ ಎದುರಿಗೆ ಬಂದವರೆಲ್ಲ ತಮಗೇ ಗೊತ್ತಿಲ್ಲದಂತೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದರು. ತಪ್ಪು ಅವರದಲ್ಲ, ಆಕೆಯ ಕಣ್ಣೇ ಹಾಗಿತ್ತು. ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರೆ ಮುಗಿಯಿತು, ನಿಂತ ಮನುಷ್ಯ ಎಷ್ಟು ಕಿಲೋ ಎಂಬುದು ಒಳಗೇ ಲೆಕ್ಕವಾಗಿಬಿಡುತ್ತಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಪಾಪ. ಆದರೂ ಹೇಳಿದಂತೆಯೇ ಆಗುತ್ತಿತ್ತು. ಒಂದು ಸಲ ತಮ್ಮನ ಹೆಂಡತಿ ಮುಖ ಊದಿಸಿಕೊಂಡು, "ಅತ್ತಿಗೆ, ನೀವು ಹಾಗೆ ನೋಡ್ಬೇಡಿ, ನಂಗೆ ತಿಂದಿದ್ದು ಮೈಗೆ ಹತ್ತಲ್ಲ" ಅಂದಿದ್ದಳು.

ಕೆಲಸದಿಂದ ಬಂದ ಗುಣ ಅದು. ದೊಡ್ಡ ವಿಮಾನ ನಿಲ್ದಾಣವೊಂದರ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಹೊರಡಲಿರುವ ಪ್ರತಿ ವಿಮಾನಕ್ಕೂ ಎಷ್ಟು ಜನ, ಎಷ್ಟು ಸಾಮಾನು, ಎಷ್ಟು ಇಂಧನ, ಅದರಲ್ಲಿ ಮುಂದೆ ಎಷ್ಟು ಹಿಂದೆ ಎಷ್ಟು ಎಂದು ತೂಗಿ ನೋಡಿ ಒಂದು ಹಾಳೆ ತಯಾರು ಮಾಡುವುದು ಆಕೆಯ ಉದ್ಯೋಗ. ಆ ಹಾಳೆ ಕೈಗೆ ಬರದೆ ಯಾವ ಪೈಲಟ್ಟೂ ವಿಮಾನ ಕದಲಿಸುವಂತಿಲ್ಲ. ಜೀವಮಾನವಿಡೀ ಜನರನ್ನು ಆಕಾಶಕ್ಕೆ ಕಳಿಸಿದವಳು ಎಷ್ಟು ಸಲ ಹಾರಿದ್ದಳು ಅಂತೀರಿ? ಬೆರಳಿನಲ್ಲಿ ಎಣಿಸಬಹುದು. ಅದೇ ಕಂಪನಿಯಲ್ಲಿ ಒಡಹುಟ್ಟಿದ ತಮ್ಮ ಪೈಲಟ್ಟಾಗಿದ್ದ, ಆದರೆ ಅವನು ಓಡಿಸುವ ವಿಮಾನದಲ್ಲಿ ಕೂರುವ ಭಾಗ್ಯ ಮಾತ್ರ ಬಂದಿರಲಿಲ್ಲ.

ಒಮ್ಮೆ ಬಂದಂತೆ ಆಗಿತ್ತು. ತಮ್ಮ ಹಟ ಹಿಡಿದು ತನ್ನ ವಿಮಾನಕ್ಕೇ ಆಕೆಗೆ ನೌಕರರ ಉಚಿತ ಪಾಸ್ ಮಾಡಿಸಿದ್ದ. ಪಾಸಿನವರಿಗೊಂದು ನಿಯಮವಿದೆ: ಭಾರ ಹೆಚ್ಚಾದರೆ ಮೊದಲು ಇಳಿಯಬೇಕಾದವರು ಅವರೇ. ಆ ದಿನ ಸಾಮಾನು ಜಾಸ್ತಿ ಬಂತು. ಆ ವಿಮಾನದ ಹಾಳೆ ಬರೆದು, ಪಾಳಿ ಮುಗಿಸಿ ಹತ್ತಬೇಕಿದ್ದವಳು ಅಕ್ಕನೇ. ಪಾಸಿನವರ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ತನ್ನದು. ಅದರ ಮೇಲೆ ಗೆರೆ ಎಳೆದು ಹಾಳೆ ಕಳಿಸಿಕೊಟ್ಟಳು. ಮುಂದಿನ ಸಲ ಹೋದರಾಯಿತು ಎಂದುಕೊಂಡಳು. ಮುಂದಿನ ಸಲ ಬರುವಷ್ಟರಲ್ಲಿ ತಮ್ಮನ ಕಿವಿಯೊಳಗೆ ಏನೋ ಕೆಟ್ಟು ತಲೆ ಸುತ್ತತೊಡಗಿತು, ಇನ್ನು ಹಾರುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು, ಪರವಾನಗಿ ಹೋಯಿತು. ಆ ಹೊತ್ತಿನಿಂದ ಅವನ ಬಾಯಲ್ಲಿ ಸಿಳ್ಳೆಯಿಲ್ಲ. ಮನೆಯಲ್ಲಿ ಸದಾ ಸಿಳ್ಳೆ ಹಾಕಿಕೊಂಡೇ ಓಡಾಡುತ್ತಿದ್ದ ಮನುಷ್ಯ ಆತ. ಗಡ್ಡ ಕೆರೆಯುವಾಗಲೂ ಸಿಳ್ಳೆ, ಚಪ್ಪಲಿ ಹುಡುಕುವಾಗಲೂ ಸಿಳ್ಳೆ.

ನಿವೃತ್ತಿಯಾಗಿ ಹುಟ್ಟೂರಿಗೆ ಮರಳಿದ ಅಕ್ಕನಿಗೆ ಸುಮ್ಮನೆ ಕೂರುವುದು ಹಿಡಿಸಲಿಲ್ಲ. ತಮ್ಮನೂ ಅದೇ ಬೀದಿಯಲ್ಲಿ, ಎರಡು ಮನೆ ಆಚೆಗೆ, ಆಕಾಶದಲ್ಲಿ ಶಬ್ದವಾದಾಗಲೆಲ್ಲ ಕಿಟಕಿಗೆ ಬರುತ್ತ ಕೂತಿದ್ದನಷ್ಟೆ. ಇಬ್ಬರೂ ಸೇರಿ ಆಕೆಯ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿ 'ವಿಮಾನಯಾನ ಸಲಹೆ' ಅಂತ ಬೋರ್ಡ್ ತೂಗುಹಾಕಿದರು. ವಿಮಾನವೇ ಇಳಿಯದ ಊರಿನಲ್ಲಿ ವಿಮಾನದ ಸಲಹೆ! ಜನ ಮೂಗು ಮುರಿದರು. ಬಂದವರಾದರೂ ಎಂಥವರು? ಕೈಚೀಲದಲ್ಲಿ ಕತ್ತರಿ ಒಯ್ಯಬಹುದೇ ಎಂದು ಕೇಳಲು ಒಬ್ಬ ಟೈಲರ್ ಬಂದ. ಡ್ರೋನು ಮರದ ತುದಿಯಲ್ಲಿ ಸಿಕ್ಕಿಕೊಂಡಿದೆ, ಇಳಿಸಿಕೊಡಿ ಎಂದು ಒಬ್ಬ ಫೋಟೋಗ್ರಾಫರ್ ಬಂದ. "ಇದು ಸಲಹಾ ಕೇಂದ್ರ ಕಣಪ್ಪಾ, ಏಣಿ ಅಂಗಡಿ ಅಲ್ಲ" ಎಂದು ಅಕ್ಕ ರೇಗಿದಳು. ತಮ್ಮ ಎದ್ದು ಹೋಗಿ ಡ್ರೋನು ಇಳಿಸಿಕೊಟ್ಟು ಬಂದ. ಅವನ ಸ್ವಭಾವವೇ ಅದು, ಯಾರಿಗೂ ಇಲ್ಲ ಅನ್ನಲು ಬಾರದು.

ನಿಜವಾದ ಗಿರಾಕಿ ಎಂದು ಬಂದವರು ಬಸ್ ಯಜಮಾನರು. ಊರಿನಿಂದ ಗುಡ್ಡದಾಚೆಯ ನಗರಕ್ಕೆ ಓಡುವ ಬಸ್ಸುಗಳೆಲ್ಲ ಅವರವೇ. ದೊಡ್ಡ ದನಿ, ದೊಡ್ಡ ಮೀಸೆ, ಕೂತ ಕುರ್ಚಿ ಕಿರುಗುಟ್ಟುವ ಆಳು. (ಅಕ್ಕನ ಕಣ್ಣು ತನ್ನ ಕೆಲಸ ಮಾಡಿ ಮುಗಿಸಿತ್ತು.) "ಮೇಡಂ, ನನ್ನ ಬಸ್ಸಲ್ಲಿ ಅರ್ಧಕ್ಕರ್ಧ ಜನ ಆಸ್ಪತ್ರೆಗೆ ಹೋಗೋರು. ಗುಡ್ಡದ ತಿರುವಲ್ಲಿ ವಾಂತಿ ಮಾಡ್ಕೊಂಡು, ನರಳ್ಕೊಂಡು ಹೋಗ್ತಾರೆ. ನೋಡೋಕಾಗಲ್ಲ ನಂಗೆ. ಊರ ಹಿಂದೆ ಆ ಹಳೇ ರನ್‌ವೇ ಪಾಳು ಬಿದ್ದಿದೆಯಲ್ಲ, ಒಂದು ಪುಟ್ಟ ವಿಮಾನ ತಂದ್ರೆ? ಒಂಬತ್ತು ಸೀಟಿಂದು. ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ಸು, ಮಧ್ಯಾಹ್ನ ಇನ್ನೊಂದು ಸಲ. ಆಗುತ್ತಾ ಆಗಲ್ವಾ ಅಂತ ನೀವು ಹೇಳಿ. ಆಗುತ್ತೆ ಅಂದ್ರೆ ನಾನು ಇದ್ದಬದ್ದದ್ದೆಲ್ಲ ಅದಕ್ಕೇ ಹಾಕೋನು."

ಆಮೇಲೆ ತಮ್ಮನ ಕಡೆ ತಿರುಗಿ, "ಕ್ಯಾಪ್ಟನ್, ನಿಲ್ದಾಣ ನೋಡ್ಕೊಳ್ಳೋ ಯಜಮಾನ ಮಾತ್ರ ನೀವೇ" ಎಂದರು.

ಅಷ್ಟು ಸಾಕಾಯಿತು. ಮಾರನೆಯ ದಿನ ತಮ್ಮನ ಮನೆಯ ಬಚ್ಚಲಿನಿಂದ ಸಿಳ್ಳೆ ಕೇಳಿಸಿತಂತೆ. ಅವನ ಹೆಂಡತಿ ಒದ್ದೆ ಕೈಯಲ್ಲೇ ಅಕ್ಕನ ಮನೆಗೆ ಓಡಿ ಬಂದಳು. "ಅತ್ತಿಗೆ, ನಿಮ್ಮ ತಮ್ಮ ಹಳೇ ಬಿಳಿ ಶರ್ಟು ಹುಡುಕಿ ಇಸ್ತ್ರಿ ಮಾಡ್ತಾ ಇದಾರೆ! ನಿಮ್ಮ ಕಾಲಿಗೆ ಬೀಳ್ತೀನಿ, ಹೇಗಾದ್ರೂ ಮಾಡಿ ಆಗುತ್ತೆ ಅಂತ ಬರೀರಿ." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. "ಕೂತ್ಕೊಳ್ಳಮ್ಮ, ಟೀ ಮಾಡ್ತೀನಿ" ಅಂದಳು ಅಕ್ಕ.

ಯೋಜನೆ ಬರೆದವನು ತಮ್ಮ. ಚೆಂದವಾಗಿಯೇ ಬರೆದಿದ್ದ, ಸುಳ್ಳೆಂಬುದು ಎಳ್ಳಷ್ಟೂ ಇರಲಿಲ್ಲ. ಒಬ್ಬೊಬ್ಬ ಪ್ರಯಾಣಿಕನಿಗೆ ಇಷ್ಟು ತೂಕ, ಕೈಯಲ್ಲೊಂದು ಚೀಲ ಎಂದು ಪುಸ್ತಕದಲ್ಲಿ ಕೊಟ್ಟಿದ್ದನ್ನು ಹಾಕಿ ಲೆಕ್ಕ ಕಟ್ಟಿದ್ದ. ಪುಸ್ತಕದ ಪ್ರಕಾರ ಒಂಬತ್ತೂ ಸೀಟು ತುಂಬುತ್ತಿದ್ದವು. ಅಕ್ಕ ಅದನ್ನು ಓದಿ ಕನ್ನಡಕ ತೆಗೆದಿಟ್ಟಳು. ದೊಡ್ಡ ವಿಮಾನಕ್ಕೆ ಪುಸ್ತಕದ ತೂಕ ನಡೆಯುತ್ತದೆ, ನೂರಾರು ಜನರಲ್ಲಿ ಹೆಚ್ಚು ಕಡಿಮೆ ಒಂದಕ್ಕೊಂದು ಸರಿಹೋಗುತ್ತದೆ. ಪುಟ್ಟ ವಿಮಾನಕ್ಕೆ ಹಾಗಲ್ಲ, ಒಬ್ಬೊಬ್ಬರನ್ನೂ ತಕ್ಕಡಿಯ ಮೇಲೆ ನಿಲ್ಲಿಸಲೇಬೇಕು. ಅದೂ ಅಲ್ಲದೆ ಆ ರನ್‌ವೇ ಗಿಡ್ಡ, ಎದುರಿಗೇ ಗುಡ್ಡ, ಮಧ್ಯಾಹ್ನದ ಬಿಸಿಗಾಳಿಯಲ್ಲಿ ವಿಮಾನಕ್ಕೆ ಎತ್ತುವ ಶಕ್ತಿಯೂ ಕಡಿಮೆ. ಆಗುವುದಿಲ್ಲ ಎಂದು ಅಲ್ಲೇ ಬರೆದುಬಿಡಬಹುದಿತ್ತು. ಬರೆದರೆ ಏನಾಗುತ್ತದೆ ಎಂಬುದು ಗೊತ್ತಿತ್ತಲ್ಲ, ಸಿಳ್ಳೆ ನಿಲ್ಲುತ್ತದೆ. ಆಗುತ್ತದೆ ಎಂದು ಬರೆದರೆ ಬಸ್ ಯಜಮಾನರು ಮುಳುಗುತ್ತಾರೆ, ಇಲ್ಲವೇ ಯಾರಾದರೂ ಗುಡ್ಡಕ್ಕೆ ಬಡಿಯುತ್ತಾರೆ. ಬೇರೆ ಸಲಹೆಗಾರರಾಗಿದ್ದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅಕ್ಕನಿಗೆ ಆ ವಿದ್ಯೆ ಬರುತ್ತಿರಲಿಲ್ಲ.

"ವಿಮಾನ ಕೊಳ್ಳೋ ಮುಂಚೆ ಒಂದು ವಾರ ಓಡಿಸಿ ನೋಡೋಣ" ಎಂದಳು.

ಬಸ್ ಯಜಮಾನರು ಕಣ್ಣು ಕಿರಿದು ಮಾಡಿದರು. "ವಿಮಾನ ಇಲ್ದೇನಾ?"

"ಇಲ್ದೇನೇ. ನಿಮ್ಮ ಬಸ್ ಶೆಡ್ಡು ಕೊಡಿ, ಒಂಬತ್ತು ಕುರ್ಚಿ ಕೊಡಿ, ಪೈಲಟ್ಟಿಗೆ ಒಂದು ಸ್ಟೂಲು. ಆಸ್ಪತ್ರೆಗೆ ಹೋಗೋರೇ ಬರ್ಲಿ. ನಿಜವಾದ ವಿಮಾನ ಅಂತ್ಲೇ ತಿಳ್ಕೊಂಡು ತೂಕ ಹಾಕಿ ಹತ್ತಿಸೋಣ, ಆಮೇಲೆ ಎಲ್ರೂ ಬಸ್ಸಲ್ಲೇ ಹೋಗ್ಲಿ. ಆ ಬಸ್ಸಿಗೆ ಟಿಕೆಟ್ಟು ತಗೋಬೇಡಿ, ಅಷ್ಟೆ."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, "ಬಸ್ಸಿಗೂ ಹೊಸ ರೂಟ್ ಅಂದ್ರೆ ನಾನು ಖಾಲಿ ಗಾಡಿ ಓಡಿಸಿ ನೋಡ್ತೀನಿ. ಆಗ್ಲಿ ಮೇಡಂ" ಅಂದರು.

ಹೀಗೆ ಕುರ್ಚಿ ವಿಮಾನ ಶುರುವಾಯಿತು. ಎಣ್ಣೆಯ ಕಲೆ ಬಿದ್ದ ನೆಲದ ಮೇಲೆ ಸೀಮೆಸುಣ್ಣದಲ್ಲಿ ವಿಮಾನದ ಆಕಾರ ಬರೆದರು, ಒಳಗೆ ಕುರ್ಚಿ ಸಾಲಾಗಿ ನಿಂತವು. ಬಾಗಿಲಿದ್ದ ಕಡೆ ಗೆರೆ ಬಿಟ್ಟಿದ್ದರು, ಅಲ್ಲಿಂದಲೇ ಹತ್ತಬೇಕು. ತಮ್ಮ ಬಿಳಿ ಶರ್ಟು ತೊಟ್ಟು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಅಕ್ಕ ತಕ್ಕಡಿಯ ಪಕ್ಕ ಮೇಜು ಹಾಕಿಕೊಂಡಳು. ಮೊದಲ ದಿನ ನೋಡಲು ನೆರೆದಿದ್ದ ಡ್ರೈವರುಗಳೂ ಕಂಡಕ್ಟರುಗಳೂ, "ಕ್ಯಾಪ್ಟನ್, ಕಿಟಕಿ ಪಕ್ಕ ಸೀಟು ಕೊಡ್ಸಿ", "ಸ್ಟಾಪ್ ಇದ್ರೆ ಸಿಳ್ಳೆ ಹಾಕ್ಲಾ?" ಎಂದು ಕಾಲೆಳೆದಿದ್ದೇ ಎಳೆದಿದ್ದು. ತಮ್ಮ ಸಿಟ್ಟಾಗಲಿಲ್ಲ. ನಗುತ್ತಲೇ ಒಂದೊಂದು ಗುಂಡಿಯನ್ನೂ ಗಾಳಿಯಲ್ಲಿ ಒತ್ತಿ, ತಪ್ಪದೆ ಎಲ್ಲ ಮಾಡಿದ. ಕೈ ಒಂದನ್ನೂ ಮರೆತಿರಲಿಲ್ಲ.

ತಕ್ಕಡಿಯೇ ಮೊದಲ ರಣರಂಗವಾಯಿತು. "ಎಲ್ಲರೆದುರು ತೂಕ ಹಾಕೋದಾ? ನಾಚಿಕೆ ಆಗಲ್ವೇನ್ರೀ?" ಎಂದು ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟಳು. ಅಕ್ಕ ಮುಳ್ಳು ಕಾಣದಂತೆ ರಟ್ಟು ಅಡ್ಡ ಇಟ್ಟಳು, ಆಗ ಹತ್ತಿದರು. ಒಬ್ಬ ಮಹಾರಾಯ ಜೇಬಿನಲ್ಲಿದ್ದ ಬೀಗದ ಕೈಗೊಂಚಲು ತೆಗೆದಿಟ್ಟು ಹತ್ತಿ, ಇಳಿದ ಮೇಲೆ ಮತ್ತೆ ಜೇಬಿಗೆ ಹಾಕಿಕೊಂಡ. ಇನ್ನು ಸಾಮಾನು! ಪುಸ್ತಕ ಬರೆದವರು ಯಾವತ್ತೂ ಆಸ್ಪತ್ರೆಗೆ ಹೋದವರನ್ನು ನೋಡಿದ್ದಂತೆ ಕಾಣಲಿಲ್ಲ. ಸುತ್ತಿದ ಹಾಸಿಗೆ, ದಿಂಬು, ಫ್ಲಾಸ್ಕು, ಪಾತ್ರೆ, ಬಕೆಟ್ಟು, ಎಕ್ಸ್‌ರೇ ಕವರು. ಒಬ್ಬರು ಟೇಬಲ್ ಫ್ಯಾನನ್ನೇ ಕಂಕುಳಲ್ಲಿ ಇರುಕಿಕೊಂಡು ಬಂದಿದ್ದರು. ಬೆಳಗಿನ ತಂಪಿನಲ್ಲಿ ಏಳು ಜನಕ್ಕೆ ಭಾರ ಮುಗಿಯುತ್ತಿತ್ತು, ಮಧ್ಯಾಹ್ನ ಐವರಿಗೆ.

ಏಳು ಐದಾದರೂ ಹೇಗೋ ತೂಗಿಸಬಹುದು ಎಂದು ಯಜಮಾನರು ತಲೆ ಕೆರೆದುಕೊಂಡರು. ತಮ್ಮನ ಮುಖದಲ್ಲಿ ಇನ್ನೂ ಕಳೆಯಿತ್ತು. ಎರಡನೆಯ ದಿನ ಮಧ್ಯಾಹ್ನ ಅಕ್ಕನ ಕೈ ತಾನಾಗಿ ಒಂದು ಕೆಲಸ ಮಾಡಿತು. ಒಂದು ಚೀಲ ತಕ್ಕಡಿಯ ಮೇಲೆ ಕೂತಿತು, ಇಳಿಯಿತು, ಆಕೆ ಹಾಳೆಗೆ ಬರೆಯಲಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ ಒಂದು ಕಿಲೋ ಬಿಟ್ಟವಳಲ್ಲ! ಸ್ಟೂಲಿನ ಮೇಲಿಂದ ತಮ್ಮ ತಿರುಗಿ ನೋಡಿದ.

"ಅಕ್ಕಾ, ಆ ಹಸಿರು ಚೀಲ ಬರೆದಿಲ್ಲ ನೀನು."

"ಹೌದಾ? ಕಣ್ತಪ್ಪಿರ್ಬೇಕು ಕಣೋ."

"ನಿಂಗೆ ಕಣ್ತಪ್ಪೋದಾ?" ಅವನು ನಗಲು ನೋಡಿದ, ನಗು ಪೂರ್ತಿ ಬರಲಿಲ್ಲ. "ಬರಿ ಅಕ್ಕ. ನನಗೋಸ್ಕರ ಬಿಡ್ಬೇಡ."

ಆಕೆ ಬರೆದಳು. ತಪ್ಪು ಮಾಡಿ ಸಿಕ್ಕಿಬಿದ್ದ ನಾಚಿಕೆಗಿಂತ, ಅವನಿಗೆ ಎಲ್ಲ ಗೊತ್ತಾಗುತ್ತಿದೆ ಎಂಬ ಸಂಕಟವೇ ಹೆಚ್ಚಾಗಿತ್ತು.

ಅವರಿಬ್ಬರೂ ಕಾಣದೆ ಹೋದ ಇನ್ನೊಂದು ಸಂಗತಿಯಿತ್ತು. ವಿಮಾನದವರ ಲೆಕ್ಕದಲ್ಲಿ ಪ್ರಯಾಣಿಕ ಎಂದರೆ ಒಬ್ಬ. ಒಂದು ಟಿಕೆಟ್ಟು, ಒಂದು ಸೀಟು, ಒಂದು ತೂಕ. ಈ ಊರಿನಲ್ಲಿ ಆಸ್ಪತ್ರೆಗೆ ಒಬ್ಬರೇ ಹೋದವರುಂಟೇ? ಕಾಯಿಲೆ ಒಬ್ಬರಿಗೆ, ಹೊರಡುವವರು ಮೂವರು ನಾಲ್ವರು. ಹಿಡಿದುಕೊಳ್ಳಲು ಒಬ್ಬರು, ಡಾಕ್ಟರ ಹತ್ತಿರ ಮಾತಾಡಲು ಒಬ್ಬರು, ಸುಮ್ಮನೆ ಧೈರ್ಯಕ್ಕೆ ಮತ್ತೊಬ್ಬರು. ಜೀವಮಾನವಿಡೀ ಭಾರ ತೂಗಿದ ಅಕ್ಕನೂ, ಜೀವಮಾನವಿಡೀ ಹಾರಿಸಿದ ತಮ್ಮನೂ ಇದೇ ಊರಲ್ಲಿ ಹುಟ್ಟಿ ಇದೊಂದನ್ನು ಮರೆತೇಬಿಟ್ಟಿದ್ದರು. ಭಾರ ಹೆಚ್ಚಾಯಿತು, ಒಬ್ಬರು ಇಳಿಯಿರಿ ಎಂದರೆ ಸಾಕು, ಇಡೀ ಗುಂಪೇ ಎದ್ದು ಇಳಿಯುತ್ತಿತ್ತು. "ಅವರಿಲ್ದೆ ನಾವು ಹೋಗಿ ಏನ್ಮಾಡೋದು?" ಎನ್ನುವರು. ಒಬ್ಬರ ಭಾರ ಇಳಿಸಲು ಹೋಗಿ ಮೂರು ಕುರ್ಚಿ ಖಾಲಿ.

ಕೊನೆಯ ದಿನ ಮಧ್ಯಾಹ್ನ ಇದ್ದದ್ದೆಲ್ಲ ಬಯಲಾಯಿತು. ಶೆಡ್ಡಿನ ತಗಡು ಕಾದು ಒಳಗೆ ಕುದಿಯುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅಜ್ಜಿಯೊಬ್ಬರು ಬಂದರು, ಕೈ ಹಿಡಿದು ನಡೆಸುತ್ತಿದ್ದವರು ಅವರ ತಂಗಿ, ಅವರೂ ಅಜ್ಜಿಯೇ. ಹಿಂದೆ ಅಳಿಯ. ಅವರಿಗಿಂತ ಮುಂಚೆ ಕಾಲಿಗೆ ಪ್ಲಾಸ್ಟರ್ ಹಾಕಿದವನೊಬ್ಬ, ಅವನ ಹೆಂಡತಿ ಹತ್ತಿ ಕೂತಿದ್ದರು. ಒಟ್ಟು ಐವರು. ಅಕ್ಕ ಕೂಡಿಸಿದಳು, ಮತ್ತೆ ಕೂಡಿಸಿದಳು. ಆ ದಿನದ ಬಿಸಿಲಿಗೆ ಒಬ್ಬರ ಭಾರ ಹೆಚ್ಚೇ.

"ಕ್ಯಾಪ್ಟನ್, ಒಬ್ಬರು ಇಳೀಬೇಕು" ಎಂದು ಕರೆದು ಹೇಳಿದಳು. ಯಾರನ್ನು ಇಳಿಸುವುದೆಂದು ಹೇಳಬೇಕಾದವನು ಕ್ಯಾಪ್ಟನ್.

ತಮ್ಮ ಸ್ಟೂಲಿನಿಂದ ತಿರುಗಿ ಐವರನ್ನೂ ನೋಡಿದ. ಪ್ಲಾಸ್ಟರಿನವನು ಹೆಂಡತಿಯ ಮುಖ ನೋಡಿದ. ಅಳಿಯ, "ನಾನು ಇಳೀತೀನಿ, ಆದ್ರೆ ಅಲ್ಲಿ ಡಾಕ್ಟರ ಹತ್ರ ಯಾರು ಮಾತಾಡ್ತಾರೆ?" ಎಂದ. ಪಟ್ಟಿ ಕಟ್ಟಿದ ಅಜ್ಜಿ ಮಾತ್ರ ತಂಗಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, "ಇವಳನ್ನ ಇಳಿಸ್ಬೇಡಪ್ಪ ಪೈಲಟ್ಟು. ಇವಳು ಪಕ್ಕದಲ್ಲಿಲ್ದೆ ನಂಗೆ ಕತ್ತಲಲ್ಲಿ ಹೆದ್ರಿಕೆ ಆಗುತ್ತೆ" ಎಂದರು. ಆಟ ಎಂಬುದನ್ನು ಆಕೆ ಮರೆತೇಬಿಟ್ಟಿದ್ದರು.

ತಮ್ಮ ಸ್ಟೂಲಿನಿಂದ ಎದ್ದ. ಸೀಮೆಸುಣ್ಣದ ಬಾಗಿಲಿನಿಂದ, ತಲೆ ಸ್ವಲ್ಪ ಬಗ್ಗಿಸಿ, ನಿಜವಾದ ವಿಮಾನದಿಂದ ಇಳಿದಂತೆಯೇ ಹೊರಗೆ ಬಂದು ನಿಂತ.

"ಬರಿ ಅಕ್ಕ. ಒಬ್ಬರು ಇಳಿದ್ರು. ಈಗ ಭಾರ ಸರಿಯಾಯ್ತಲ್ಲ?"

ಶೆಡ್ಡಿಗೆ ಶೆಡ್ಡೇ ಗೊಳ್ಳೆಂದಿತು. "ಪೈಲಟ್ಟೇ ಇಳಿದ್ರೆ ಹಾರ್ಸೋರು ಯಾರು ಸ್ವಾಮಿ?" ಎಂದು ಒಬ್ಬ ಡ್ರೈವರು ಕೂಗಿದ. ಬಸ್ ಯಜಮಾನರ ಮೀಸೆಯೂ ಕುಣಿಯಿತು, ಅರ್ಧಕ್ಕೆ ನಿಂತಿತು. ತಮ್ಮ ನಗುತ್ತಿರಲಿಲ್ಲ. ಬಿಳಿ ಶರ್ಟಿನ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಅವನು ಅಕ್ಕನನ್ನೇ ನೋಡುತ್ತಿದ್ದ, ಆಗುವುದಿಲ್ಲ ಎಂಬ ಮಾತನ್ನು ಆಕೆಯ ಬಾಯಲ್ಲಿ ಆಡಿಸುವ ಬದಲು ತಾನೇ ಎದ್ದು ಬಂದು ಆಡಿ ಮುಗಿಸಿದ್ದ. ಅಕ್ಕನ ಕಣ್ಣೆದುರು ಹಾಳೆಯ ಮೇಲಿನ ಅಂಕಿಗಳು ಕಲಸಿಹೋದವು.

ಹೊರಗೆ ಬಸ್ಸಿನ ಹಾರ್ನ್ ಆಯಿತು. ಅಜ್ಜಿ, ತಂಗಿ, ಅಳಿಯ, ಪ್ಲಾಸ್ಟರಿನವನು, ಹೆಂಡತಿ, ಹಾಸಿಗೆ, ಫ್ಲಾಸ್ಕು, ಬಕೆಟ್ಟು ಎಲ್ಲವೂ ಒಟ್ಟಿಗೇ ಹತ್ತಿದವು. ಯಾರನ್ನೂ ತೂಗುವವರಿರಲಿಲ್ಲ. ಬಸ್ಸು ನಿಧಾನವಾಗಿ ಗುಡ್ಡದ ಕಡೆಗೆ ತಿರುಗಿತು.

ಬಸ್ ಯಜಮಾನರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಮೇಡಂ, ರಿಪೋರ್ಟ್ ಬರೆಯೋ ಕಷ್ಟ ತಗೋಬೇಡಿ. ಕ್ಯಾಪ್ಟನ್ ಬರೆದ್ಬಿಟ್ರು." ತಮ್ಮನ ಹೆಗಲ ಮೇಲೆ ಕೈಯಿಟ್ಟು ತೆಗೆದರು. ಬಾಗಿಲವರೆಗೆ ಹೋಗಿ ನಿಂತರು. "ನನ್ನ ಹಾಗೇ ವಿಮಾನದ ಹುಚ್ಚು ಹಿಡಿದೋರು ಇನ್ನೂ ಒಂದಿಬ್ರು ಗೊತ್ತು ನಂಗೆ. ಮನೆ ಮಠ ಮಾರೋಕೆ ಮುಂಚೆ ನಿಮ್ಮ ಹತ್ರ ಕಳಿಸ್ತೀನಿ. ಈ ಕುರ್ಚಿಗಳು ನಿಮ್ಮ ಹತ್ರಾನೇ ಇರ್ಲಿ." ಉಳಿದವರೂ ಅವರ ಹಿಂದೆ ಚದುರಿದರು.

ಶೆಡ್ಡಿನಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ತಮ್ಮ ಸ್ಟೂಲು ಎತ್ತಿ ಗೋಡೆಗೆ ಒರಗಿಸಲು ಹೋದ.

"ಅಲ್ಲೇ ಇಡೋ ಅದನ್ನ" ಎಂದಳು ಅಕ್ಕ.

"ಯಾಕೆ? ಮುಗೀತಲ್ಲಕ್ಕ."

"ನನ್ನ ಪಾಸ್ ಇನ್ನೂ ಹಾಗೇ ಇದೆ ಕಣೋ. ಅವತ್ತು ಇಳಿದವಳು, ಇನ್ನೂ ಹತ್ತಿಲ್ಲ."

ತಮ್ಮ ಆಕೆಯ ಮುಖ ನೋಡಿದ. ಅವತ್ತಿನ ಮಾತನ್ನು ಇಬ್ಬರೂ ಇಷ್ಟು ವರ್ಷ ಆಡಿರಲಿಲ್ಲ. ಹಾಳೆಯ ಮೇಲೆ ಗೆರೆ ಹೊಡೆದ ಆ ಹೆಸರನ್ನು ಅವನೂ ನೋಡಿದ್ದ, ನೋಡಿಯೇ ಸಹಿ ಹಾಕಿದ್ದ.

"ಪಾಸಿನೋರಿಗೆ ಸೀಟು ಉಳಿದ್ರೆ ಮಾತ್ರ" ಎಂದ.

"ಒಂಬತ್ತೂ ಖಾಲಿ ಇದೆಯಲ್ಲಪ್ಪ."

"ಆದ್ರೂ ತೂಕ ಹಾಕ್ದೆ ಬಿಡೋಕಾಗಲ್ಲ."

ಅಕ್ಕ ತಬ್ಬಿಬ್ಬಾದಳು. ಊರಿಗೆ ಊರನ್ನೇ ತೂಗಿದವಳನ್ನು ತಕ್ಕಡಿಯ ಮೇಲೆ ನಿಲ್ಲು ಎಂದು ಈವರೆಗೆ ಯಾರೂ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ಹತ್ತಿದಳು. ಗೊತ್ತಿಲ್ಲದಂತೆಯೇ ಹೊಟ್ಟೆ ಒಳಗೆಳೆದುಕೊಂಡಳು. ತಮ್ಮ ಬಗ್ಗಿ ಮುಳ್ಳು ನೋಡಿ, ಆಕೆಯ ಪೆನ್ನು ತೆಗೆದುಕೊಂಡು, ಆಕೆಯ ಹಾಳೆಯ ಮೇಲೆ ಆಕೆಯ ಹೆಸರು ಬರೆದು ಮುಂದೆ ತೂಕ ಬರೆದ. ಕೆಳಗೆ ತನ್ನ ಸಹಿ ಹಾಕಿದ.

ಅಕ್ಕ ಸೀಮೆಸುಣ್ಣದ ಬಾಗಿಲಿನಿಂದ ಹತ್ತಿ, ಮೊದಲ ಕುರ್ಚಿಯಲ್ಲಿ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ತಮ್ಮ ಸ್ಟೂಲಿನ ಮೇಲೆ ಕೂತು ಒಂದೊಂದೇ ಗುಂಡಿ ಮುಟ್ಟುತ್ತ ಹೋದ. ಬೆಲ್ಟ್ ಎಂದ, ಹಾಕಿದೆ ಎಂದಳು. ಬಾಗಿಲು ಎಂದ, ಮುಚ್ಚಿದೆ ಎಂದಳು. ಭಾರ ಎಂದ.

"ಸರಿಯಿದೆ, ಕ್ಯಾಪ್ಟನ್. ಯಾರೂ ಇಳೀಬೇಕಾಗಿಲ್ಲ."

ಅವನು ಆಕೆಗೆ ಬೆನ್ನು ಮಾಡಿಕೊಂಡೇ, ಮೆಲ್ಲಗೆ ಸಿಳ್ಳೆ ಹಾಕತೊಡಗಿದ.